ಮೇಷ್ಟ್ರು ಕುಣಿದ ಬೇಸಿಗೆ

ಬೇಸಿಗೆ ರಜೆ ಮಕ್ಕಳಿಗೆ ಹೇಗೋ ಏನೋ, ಮೇಷ್ಟ್ರುಗಳಿಗಂತೂ ಅದು ಸುತ್ತೋಲೆಗಳ ಕಾಲ. ಮೌಲ್ಯಮಾಪನ ಮುಗಿಯಿತು ಎನ್ನುವಷ್ಟರಲ್ಲಿ ಯಾವುದೋ ಗಣತಿ, ಗಣತಿ ಮುಗಿಯಿತು ಎನ್ನುವಷ್ಟರಲ್ಲಿ ತರಬೇತಿ. ತರಬೇತಿ ಎಂದರೆ ಏನೆಂದು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉದ್ಘಾಟನೆಗೆ ದೀಪ, ಗಾಳಿಗೆ ಆರುವ ಆ ದೀಪವನ್ನು ಮತ್ತೆ ಮತ್ತೆ ಹಚ್ಚುವುದಕ್ಕೆ ಹತ್ತು ನಿಮಿಷ, ಹನ್ನೊಂದಕ್ಕೆ ಚಹಾ, ಕೊನೆಯ ದಿನ ಒಂದು ಪ್ರಮಾಣಪತ್ರ, ಒಂದು ಗುಂಪು ಭಾವಚಿತ್ರ. ಆದ್ದರಿಂದ ಕಳೆದ ಏಪ್ರಿಲ್‌ನಲ್ಲಿ ಮಕ್ಕಳ ಸಂಗೀತ ಮತ್ತು ಚಲನೆಯ ಬಗ್ಗೆ ಶಿಕ್ಷಕರಿಗೆ ಹತ್ತು ದಿನಗಳ ಬೇಸಿಗೆ ಶಿಬಿರ ಎಂಬ ಪತ್ರ ಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಶಾಲೆಯಲ್ಲಿ ಸಂಗೀತದ ಶಿಕ್ಷಕರಿಲ್ಲ. "ನೀವೇ ಹೋಗಿ ಬನ್ನಿ ಸಾರ್, ಹೇಗೂ ಶಬ್ದದ ಪಾಠ ಮಾಡೋರು ನೀವೇ ಅಲ್ವೆ" ಎಂದರು ಮುಖ್ಯೋಪಾಧ್ಯಾಯರು. ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನ, ಗಣಿತ ಹೇಳುವ, ಐವತ್ನಾಲ್ಕು ದಾಟಿದ, ಬಲಮಂಡಿ ನೋವಿನ ನಾನು ಹೀಗೆ ಸಂಗೀತಕ್ಕೆ ನೇಮಕಗೊಂಡೆ.

ಶಿಬಿರ ನಡೆದದ್ದು ಬೆಂಗಳೂರಿನ ಹೊರವಲಯದಲ್ಲಿ, ರಜೆಗೆಂದು ಖಾಲಿಯಾಗಿದ್ದ ಒಂದು ಶಾಲೆಯಲ್ಲಿ. ನಾವು ಮೂವತ್ತೆರಡು ಜನ. ಒಳಗೆ ಹೋದರೆ ಕುರ್ಚಿಗಳೇ ಇಲ್ಲ! ಗೋಡೆಯ ಬದಿಗೆ ಬಟ್ಟೆ ಹೊದಿಸಿದ ಒಂದು ಸಾಲು ವಾದ್ಯಗಳು, ಮಧ್ಯದಲ್ಲಿ ಬರೀ ನೆಲ. ಕಲಿಸುವವರು ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಎರಡು ಬೇಸಿಗೆ ಕಲಿತು ಬಂದವರು. "ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ನಡೆಯೋಣ" ಎಂದರು. ಸ್ವಾಗತ ಭಾಷಣ ಅಷ್ಟೇ.

ನಡೆಯುವುದೆಂದರೆ ನಮಗೆ ಗೊತ್ತಿರುವುದು ಪ್ರಾರ್ಥನೆಯ ಸಾಲು. ಒಬ್ಬರ ಹಿಂದೆ ಒಬ್ಬರು ನಿಂತುಬಿಟ್ಟೆವು. "ಸಾಲು ಬೇಡ, ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೇಗೆ ನಡೀತೀರೋ ಹಾಗೆ ನಡೀರಿ" ಎಂದರು ಮೇಡಂ. ನಡೆದೆವು. ಸ್ವಲ್ಪ ಹೊತ್ತಿನ ಮೇಲೆ ಅವರ ಕೈಯಲ್ಲಿದ್ದ ಡೋಲು ಮಾತಾಡತೊಡಗಿತು. ಡೋಲಿಗೆ ತಕ್ಕಂತೆ ಹೆಜ್ಜೆ ಹಾಕಬೇಕೆಂದು ನಾವೆಲ್ಲ ಅವಸರಪಟ್ಟರೆ, ಅವರು ತಲೆಯಾಡಿಸಿದರು. ಡೋಲೇ ನಮ್ಮಲ್ಲೊಬ್ಬರ ಹಿಂದೆ ನಡೆಯುತ್ತಿತ್ತು! ಯಾರ ಹೆಜ್ಜೆಯನ್ನು ಅದು ಹಿಡಿದಿದೆ ಎಂದು ನಾವು ಕಣ್ಣಿನಿಂದಲ್ಲ, ಕಿವಿಯಿಂದ ಕಂಡುಹಿಡಿಯಬೇಕು. ಆಮೇಲೆ ಡೋಲು ನಿಂತರೆ ನಾವೂ ನಿಲ್ಲುವುದು, ಅದು ಇಮ್ಮಡಿಯಾದರೆ ನಾವೂ ಇಮ್ಮಡಿ, ಅರ್ಧವಾದರೆ ಅರ್ಧ. ಮೊದಲ ದಿನದ ಬೆಳಗ್ಗೆ ಪೂರ್ತಿ ಇದೇ. ಪಕ್ಕದಲ್ಲಿದ್ದ ಹಾಸನ ಜಿಲ್ಲೆಯ ಮೇಷ್ಟ್ರೊಬ್ಬರು ನನ್ನ ಕಿವಿಯಲ್ಲಿ, "ಇದಕ್ಕೆ ಟಿ.ಎ., ಡಿ.ಎ. ಬೇರೆ ಕೊಡ್ತಾರೇನ್ರೀ?" ಎಂದರು.

ಈ ನಡಿಗೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಸ್ವಿಟ್ಜರ್‌ಲೆಂಡಿನ ಜಿನೀವಾದ ಸಂಗೀತ ಶಾಲೆಯಲ್ಲಿ 1892ರಲ್ಲಿ ಎಮಿಲ್ ಜಾಕ್ ಡಾಲ್‌ಕ್ರೋಜ್ ಎಂಬಾತ ಅಧ್ಯಾಪಕನಾಗಿ ಸೇರಿದ. ಅವನ ವಿದ್ಯಾರ್ಥಿಗಳು ಕಾಗದದ ಮೇಲೆ ಸ್ವರಗಳನ್ನು ನಿಯಮದಂತೆ ಜೋಡಿಸುತ್ತಿದ್ದರು, ಆದರೆ ತಾವು ಬರೆದದ್ದು ಅವರಿಗೇ ಕೇಳಿಸುತ್ತಿರಲಿಲ್ಲ. ಸೂತ್ರ ಬರೆದು ಲೆಕ್ಕ ಬಿಡಿಸಿ, ಬಂದ ಉತ್ತರ ಲೋಟದ ನೀರಿನದೋ ಕೆರೆಯ ನೀರಿನದೋ ಎಂದು ಗೊತ್ತಾಗದ ನಮ್ಮ ಮಕ್ಕಳಂತೆ ಎನ್ನಿ. ತಾಳ ತಪ್ಪಿ ನುಡಿಸುವವರೂ ಬೀದಿಯಲ್ಲಿ ಮಾತ್ರ ಲಯ ತಪ್ಪದೆ ನಡೆಯುತ್ತಾರೆ ಎಂಬುದು ಡಾಲ್‌ಕ್ರೋಜ್‌ನ ಗಮನಕ್ಕೆ ಬಂತು. ಹಾಗಾದರೆ ಲಯ ಮೊದಲು ಮೈಯಲ್ಲಿದೆ, ಪುಸ್ತಕಕ್ಕೆ ಬರುವುದು ಆಮೇಲೆ ಎಂದುಕೊಂಡು ಅವನು ಪಾಠವನ್ನು ಮೇಜಿನಿಂದ ನೆಲಕ್ಕೆ ಇಳಿಸಿದ. 1915ರಲ್ಲಿ ಜಿನೀವಾದಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಆರಂಭವಾಯಿತು. ಮುಂದೆ ಜರ್ಮನಿಯ ಮ್ಯೂನಿಕ್‌ನಲ್ಲಿ 1924ರಲ್ಲಿ ಕಾರ್ಲ್ ಓರ್ಫ್ ಎಂಬ ಸಂಗೀತಗಾರ ಮತ್ತು ಡೊರೊಥೆ ಗ್ಯುಂಥರ್ ಎಂಬ ಮಹಿಳೆ ಸೇರಿ ಅಂಗಸಾಧನೆ, ಸಂಗೀತ, ನೃತ್ಯ ಮೂರನ್ನೂ ಬೇರ್ಪಡಿಸದೆ ಕಲಿಸುವ ಶಾಲೆ ತೆರೆದರು. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಅದು ಬಲಿಯಾಯಿತು. ಆದರೆ 1948ರಲ್ಲಿ ಬವೇರಿಯಾದ ಬಾನುಲಿಗಾಗಿ ಓರ್ಫ್ ಮತ್ತು ಅವನ ಜೊತೆಗಾತಿ ಗುನಿಲ್ಡ್ ಕೀಟ್‌ಮನ್ ಮಕ್ಕಳಿಂದಲೇ ನುಡಿಸಿದ ಕಾರ್ಯಕ್ರಮಗಳು ಜನಪ್ರಿಯವಾದವು. 1950ರಿಂದ 54ರ ನಡುವೆ ಐದು ಸಂಪುಟಗಳು ಬಂದವು. 1961ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಓರ್ಫ್ ಸಂಸ್ಥೆ ಶುರುವಾಯಿತು. ಅಲ್ಲಿಂದ ಮುಂದೆ ಬೇಸಿಗೆ ಬಂತೆಂದರೆ ಶಿಕ್ಷಕರು ಚಪ್ಪಲಿ ಬಿಟ್ಟು ನೆಲಕ್ಕಿಳಿಯುವ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ಅಮೆರಿಕದಲ್ಲಿ ಇದಕ್ಕೆ ಮೂರು ಹಂತಗಳಿವೆ, ಹಂತಕ್ಕೆ ಸುಮಾರು ಎರಡು ವಾರ. ಸಾಮಾನ್ಯವಾಗಿ ಬೇಸಿಗೆಗೊಂದು ಹಂತ.

ಶಿಕ್ಷಕರಿಗೇಕೆ ಇಷ್ಟು ಕುಣಿತ, ಮಕ್ಕಳಿಗೆ ಕಲಿಸುವ ಕ್ರಮವನ್ನು ಹೇಳಿಕೊಟ್ಟರೆ ಸಾಲದೆ ಎಂದು ಎರಡನೇ ದಿನ ಒಬ್ಬರು ಕೇಳಿಯೇಬಿಟ್ಟರು. ಮೇಡಂ ಉತ್ತರ ಕೊಡಲಿಲ್ಲ. ಊಟದ ಮನೆಯ ಅಡುಗೆಯಾಕೆಯ ಆರು ವರ್ಷದ ಮಗಳನ್ನು ಕರೆದು, "ಈ ಸಾರ್ ಜೊತೆ ಆ ಗೋಡೆ ತನಕ ನಡಿ ಪುಟ್ಟಾ" ಎಂದು ನನ್ನನ್ನು ತೋರಿಸಿದರು. ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಲು ಮಗು ಒದ್ದಾಡಿತು. ನಿಧಾನ ಮಾಡಿದರೆ ವಾಲಾಡಿತು, ಹೆಜ್ಜೆ ಹಿಗ್ಗಿಸಿದರೆ ಎಡವಿತು.

ಇಲ್ಲಿ ವಿಜ್ಞಾನದ ಮೇಷ್ಟ್ರಿಗೆ ಸುಮ್ಮನಿರಲು ಸಾಧ್ಯವೆ? ಕಾಲೆಂಬುದು ಸೊಂಟದಿಂದ ತೂಗಿಬಿಟ್ಟ ಲೋಲಕ. ಲೋಲಕದ ಆಂದೋಲನಕ್ಕೆ ಹಿಡಿಯುವ ಕಾಲ ಅದರ ಉದ್ದದ ವರ್ಗಮೂಲಕ್ಕೆ ಅನುಗುಣ. ನನ್ನ ಕಾಲು ಸುಮಾರು 90 ಸೆಂಟಿಮೀಟರ್, ಆ ಮಗುವಿನದು 50. ವರ್ಗಮೂಲ ತೆಗೆದು ನೋಡಿ, ನಾನು ಆರಾಮವಾಗಿ ಮೂರು ಹೆಜ್ಜೆ ಇಡುವಷ್ಟರಲ್ಲಿ ಮಗು ಆರಾಮವಾಗಿ ನಾಲ್ಕು ಇಡಬೇಕು. ಕಾಲು ಗಡಿಯಾರದ ಲೋಲಕದಷ್ಟು ಸರಳವಲ್ಲ, ಮಂಡಿಯಿದೆ, ಸ್ನಾಯುವಿದೆ, ಆದರೂ ಅಂದಾಜು ಇದೇ. ಅಂದಮೇಲೆ ಮೇಷ್ಟ್ರು ತನ್ನ ಮೈಯ ಲಯಕ್ಕೆ ಚಪ್ಪಾಳೆ ತಟ್ಟಿ, "ಏಯ್, ತಾಳಕ್ಕೆ ಸರಿಯಾಗಿ ಹಾಕು" ಎಂದು ಗದರಿದರೆ ಮಗು ಏನು ಮಾಡೀತು? ಮಗುವಿನ ಲಯವನ್ನು ದೊಡ್ಡವರು ಮೊದಲು ಹಿಡಿಯಬೇಕು, ಆಮೇಲೆ ಬೇಕಾದಲ್ಲಿಗೆ ಕರೆದೊಯ್ಯಬೇಕು. ಮಗುವನ್ನು ಕೇಂದ್ರದಲ್ಲಿಟ್ಟ ಶಿಕ್ಷಣ ಎಂಬ ಮಾತನ್ನು ಬಿ.ಎಡ್. ಪರೀಕ್ಷೆಗೆಂದು ನಾವೆಲ್ಲ ಪುಟಗಟ್ಟಲೆ ಬರೆದವರೇ. ಅದನ್ನು ನಾಲ್ಕಕ್ಕೆ ಮೂರು ಎಂದು ಅಳೆದು ತೋರಿಸಬಹುದು ಎಂಬುದು ನನಗೆ ಬಹಳ ಹಿಡಿಸಿತು.

ಮೂರನೇ ದಿನದಿಂದ ಹೆಸರುಗಳು. ಈ ಪದ್ಧತಿಯಲ್ಲಿ ಹಾಡಿಗಿಂತ ಮೊದಲು ಮಾತು ಬರುತ್ತದೆ. ನಿಮ್ಮ ಹೆಸರನ್ನೇ ಚಪ್ಪಾಳೆಯಲ್ಲಿ ಹೇಳಿ ಎಂದರು. ಕನ್ನಡದ ಮೇಷ್ಟ್ರುಗಳು ಇಲ್ಲಿ ಮುಂದೆ ಬಂದರು ನೋಡಿ! ಕಪ್ಪು ಹಲಗೆಯ ಮೇಲೆ ಮಕ್ಕಳನ್ನು ಹೆದರಿಸುವ ಲಘು, ಗುರು, ಪ್ರಸ್ತಾರ ಎಲ್ಲ ಅಂಗೈಗೆ ಇಳಿದುಬಂದವು. 'ಕಮಲ' ಮೂರು ಲಘು, ಮೂರು ಮಾತ್ರೆ. 'ಗೀತಾ' ಎರಡು ಗುರು, ನಾಲ್ಕು ಮಾತ್ರೆ. 'ರಮೇಶ' ಎಂದರೆ ಲಘು, ಗುರು, ಲಘು. ನೋಡಲು ಬೇರೆ, ಆದರೂ ನಾಲ್ಕೇ ಮಾತ್ರೆ. ಆದ್ದರಿಂದ ಗೀತಾ, ರಮೇಶ ಎಷ್ಟು ಹೊತ್ತು ಬೇಕಾದರೂ ಜೊತೆಯಲ್ಲಿ ಹೋಗಬಹುದು. ಕಮಲ ಮಾತ್ರ ಅವರಿಂದ ಜಾರುತ್ತ ಜಾರುತ್ತ ಹೋಗಿ ಹನ್ನೆರಡು ಮಾತ್ರೆ ಕಳೆದ ಮೇಲೆ ಮತ್ತೆ ಕೈ ಹಿಡಿಯುತ್ತಾಳೆ. ಅರ್ಧ ಜನ ಕಮಲ, ಅರ್ಧ ಜನ ಗೀತಾ ಆಗಿ ಹೆಜ್ಜೆ ಹಾಕಿದೆವು. ಪ್ರತಿ ಹದಿಮೂರನೆಯ ಎಣಿಕೆಗೆ ಎರಡು ಗುಂಪಿನ ಬಲಗಾಲೂ ಒಟ್ಟಿಗೆ ನೆಲಕ್ಕೆ ಬಿದ್ದಾಗ ಹಾಲ್ ಗುಡುಗಿತು. ಮೂರು, ನಾಲ್ಕರ ಲ.ಸಾ.ಅ. ಹನ್ನೆರಡು ಎಂದು ಬಹಳ ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ಅದಕ್ಕೆ ಸದ್ದು ಇದೆ ಎಂದು ಅಂಗಾಲಿಗೆ ತಿಳಿದದ್ದು ಆ ದಿನ.

ಹಾಸನದ ಮೇಷ್ಟ್ರು ಅಷ್ಟರಲ್ಲಿ ಡಿ.ಎ. ಮರೆತಿದ್ದರು.

ನಾಲ್ಕನೇ ದಿನ ವಾದ್ಯಗಳ ಹೊದಿಕೆ ತೆಗೆದರು. ಮರದ ಹಲಗೆಗಳ ಕ್ಸೈಲೋಫೋನ್, ಲೋಹದ ಹಲಗೆಗಳ ಗ್ಲಾಕೆನ್‌ಸ್ಪೀಲ್. ಓರ್ಫ್‌ಗಾಗಿ ಮ್ಯೂನಿಕ್‌ನ ಕಾರ್ಲ್ ಮೇಂಡ್ಲರ್ ಎಂಬ ವಾದ್ಯ ತಯಾರಕ ರೂಪಿಸಿದ ಮಾದರಿ ಇವು. ಇವುಗಳ ಜಾಣತನ ಏನೆಂದರೆ ಬೇಡದ ಹಲಗೆಯನ್ನು ಎತ್ತಿ ಪಕ್ಕಕ್ಕಿಡಬಹುದು. ಮೇಡಂ 'ಮ' ಮತ್ತು 'ನಿ' ಹಲಗೆಗಳನ್ನು ತೆಗೆದಿಟ್ಟು, "ಈಗ ಎಲ್ಲಾದರೂ ಬಾರಿಸಿ, ಏನಾದರೂ ಬಾರಿಸಿ" ಎಂದರು. ಉಳಿದದ್ದು ಸ, ರಿ, ಗ, ಪ, ಧ. ನಮ್ಮ ಮೋಹನ! ಮೂವತ್ತೆರಡು ಜನ ಮನಸ್ಸಿಗೆ ಬಂದಂತೆ ಬಾರಿಸಿದರೂ ಗದ್ದಲವೆನಿಸಲಿಲ್ಲ.

ಕಾರಣ ಸರಳ. ಶುದ್ಧ ಏಳು ಸ್ವರಗಳಲ್ಲಿ ಗ-ಮ ಮತ್ತು ನಿ-ಸ ಜೋಡಿಗಳು ಬಹಳ ಹತ್ತಿರದ ನೆರೆಯವರು. ಆ ವಾದ್ಯದ ಗಾಂಧಾರ ಸೆಕೆಂಡಿಗೆ ಸುಮಾರು 330 ಸಲ ಕಂಪಿಸಿದರೆ ಮಧ್ಯಮ ಸುಮಾರು 349 ಸಲ. ಎರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ ಇಪ್ಪತ್ತರಷ್ಟು ಏರಿಳಿತಗಳು, ಭೌತಶಾಸ್ತ್ರದಲ್ಲಿ ಬೀಟ್ಸ್ ಎನ್ನುತ್ತೇವಲ್ಲ ಅವು, ಕಿವಿಗೆ ಒರಟಾಗಿ ತಾಗುತ್ತವೆ. ಮ, ನಿ ಎರಡನ್ನೂ ತೆಗೆದರೆ ಜಗಳಗಂಟ ಜೋಡಿಗಳೇ ಇಲ್ಲ. ಮಗುವಿಗೆ "ತಪ್ಪು" ಎನ್ನುವ ಅವಕಾಶವನ್ನೇ ವಾದ್ಯದಿಂದ ಕಿತ್ತುಹಾಕಿದಂತೆ. ಪ್ರಯೋಗಾಲಯದಲ್ಲಿ ನಾವು ಮೊದಲ ದಿನವೇ ಮಕ್ಕಳ ಕೈಗೆ ಆಮ್ಲ ಕೊಡುತ್ತೇವೆಯೆ? ನಿಂಬೆರಸದಿಂದ ಶುರು ಮಾಡುತ್ತೇವೆ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ವಿದ್ಯಾರ್ಥಿಗಳು ಅಳೆದು ನೋಡಲಿ. ತಂತಿಯನ್ನು ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆದರೆ ಒಂದೇ ದಪ್ಪದ ಲೋಹದ ಪಟ್ಟಿ ಹಾಗಲ್ಲ. ಅದರ ಆವೃತ್ತಿ ಉದ್ದದ ವರ್ಗಕ್ಕೆ ವಿಲೋಮ. 14 ಸೆಂ.ಮೀ. ಪಟ್ಟಿಯ ಮೇಲಿನ ಸ್ಥಾಯಿ 7ರಲ್ಲಿಲ್ಲ, ಹೆಚ್ಚುಕಡಿಮೆ 10ರಲ್ಲಿದೆ.

ಈಗ ನಾನು ಹೇಳಬೇಕೆಂದಿರುವ ವ್ಯಕ್ತಿಯ ವಿಷಯ. ನಮ್ಮ ಗುಂಪಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಕ್ಕೋರು ಇದ್ದರು. ಪ್ರಾಥಮಿಕ ಶಾಲೆಯವರು, ನಿವೃತ್ತಿಗೆ ಒಂದು ವರ್ಷ ಬಾಕಿ. ನಡಿಗೆಯಲ್ಲಿ ಎಲ್ಲರಿಗಿಂತ ಹುರುಪು, ಆದರೆ ಬಾಯಿ ತೆರೆಯುವ ಕೆಲಸ ಬಂತೆಂದರೆ ಹಿಂದೆ ಸರಿಯುವವರು. ಮೇಡಂ ಒತ್ತಾಯಿಸಿದಾಗ ಹೇಳಿದರು: "ನನಗ ಹಾಡಾಕ ಬರೂದಿಲ್ರಿ. ಮೂರನೇ ಇಯತ್ತೇದಾಗ ಗ್ಯಾದರಿಂಗಿಗೆ ಹಾಡು ಕಲಸ್ತಿದ್ರು. ನಮ್ಮ ಮಾಸ್ತರು ನನ್ನ ನೋಡಿ, ನೀ ಹಾಡಬ್ಯಾಡ, ಬರೇ ಬಾಯಿ ಅಲ್ಲಾಡಸು ಅಂದ್ರು. ಅವತ್ತಿನಿಂದ ಅಲ್ಲಾಡಸಾಕತ್ತೀನಿ."

ಲೆಕ್ಕ ಹಾಕಿದೆ. ಐವತ್ತು ವರ್ಷ! ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ, ನಾಡಗೀತೆಯಲ್ಲಿ, ನೂರಾರು ಮಕ್ಕಳ ಮುಂದೆ ನಿಂತು ಬಾಯಿ ಅಲ್ಲಾಡಿಸಿದ್ದಾರೆ. ಆ ಮಾಸ್ತರರದು ಕೆಟ್ಟ ಉದ್ದೇಶ ಇರಲಾರದು. ಸಮಾರಂಭ ಚೆನ್ನಾಗಿ ಆಗಬೇಕಿತ್ತು, ಅಷ್ಟೇ. ನಮ್ಮ ಶಾಲೆಗಳಲ್ಲಿ ಹಾಡು, ಕುಣಿತ ಇರುವುದೇ ಸಮಾರಂಭಕ್ಕಾಗಿ. ನಾನೂರು ಮಕ್ಕಳಿದ್ದರೆ ಹನ್ನೆರಡು ಮಕ್ಕಳು ವೇದಿಕೆಯ ಮೇಲೆ, ಉಳಿದವರು ಕೆಳಗೆ ಚಪ್ಪಾಳೆಗೆ. ಗಣಿತದಲ್ಲಿ ಹನ್ನೆರಡು ಮಕ್ಕಳು ಜಾಣರಿದ್ದಾರೆಂದು ಉಳಿದವರಿಗೆ "ನೀವು ಬರೀ ಪೆನ್ನು ಅಲ್ಲಾಡಿಸಿ" ಎಂದು ಯಾವ ಶಾಲೆಯಾದರೂ ಹೇಳೀತೆ?

ಮೇಡಂ ಅವರನ್ನು ಹಾಡಲು ಮತ್ತೆ ಕರೆಯಲಿಲ್ಲ. ದೊಡ್ಡ ಕ್ಸೈಲೋಫೋನಿನ ಮುಂದೆ ಕೂರಿಸಿ, 'ಸ' ಮತ್ತು 'ಪ' ಎರಡೇ ಹಲಗೆ ಬಿಟ್ಟು, ಇದನ್ನಷ್ಟೇ ಒಂದೇ ಸಮನೆ ಬಾರಿಸುತ್ತ ಇರಿ ಎಂದರು. ಓರ್ಫ್‌ನ ಪದ್ಧತಿಯಲ್ಲಿ ಎಲ್ಲದರ ತಳಪಾಯ ಇದು. ನಮ್ಮ ತಂಬೂರಿಯ ಕೆಲಸವೇ. ಅದರ ಮೇಲೆ ಒಬ್ಬೊಬ್ಬರಾಗಿ ನಾವು ಸೇರಿದೆವು. ಒಬ್ಬರದು ಮೂರು ಸ್ವರದ ತುಣುಕು, ಇನ್ನೊಬ್ಬರದು ಕರಟದ ಪೆಟ್ಟು, ಮತ್ತೊಬ್ಬರದು ಹೆಜ್ಜೆ. ಎಂಟು ಹತ್ತು ನಿಮಿಷ ನಡೆಯಿತು. ಅಕ್ಕೋರು ಬೆವರುತ್ತಿದ್ದರು, ಆದರೆ ಕೈ ಕದಲಲಿಲ್ಲ. ಮುಗಿದ ಮೇಲೆ ಕೋಲು ಕೆಳಗಿಟ್ಟು, "ಮೇಡಂ, ನಾ ನಿಲ್ಲಿಸಿದ್ರ ಎಲ್ಲಾರೂ ನಿಲ್ತಾರಲ್ರಿ!" ಎಂದರು. ಕೊನೆಯ ಮೂರು ದಿನ ಆ ವಾದ್ಯವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಬಾರಿಸುವಾಗ ಅವರ ಗಂಟಲಿನಿಂದ ಸಣ್ಣದೊಂದು ಗುಂಯ್‌ಗುಡುವಿಕೆ ಕೇಳುತ್ತಿತ್ತು. ಅದು ಹಾಡೆ? ಗೊತ್ತಿಲ್ಲ. ಷಡ್ಜದಲ್ಲಂತೂ ಇತ್ತು.

ಇದನ್ನೆಲ್ಲ ಓದಿ ತಂದೆತಾಯಿಯರು "ಇದರಿಂದ ಬುದ್ಧಿ ಚುರುಕಾಗುತ್ತದೆಯೆ, ಅಂಕ ಹೆಚ್ಚುತ್ತದೆಯೆ?" ಎಂದು ಕೇಳಬಹುದು. ಆ ಆಸೆಯನ್ನು ನಾನು ಹುಟ್ಟಿಸಲಾರೆ. 1993ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಮೂವತ್ತಾರು ಮಂದಿ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್‌ನ ಸಂಗೀತ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ನೋಡುವಂಥ ಪರೀಕ್ಷೆಯಲ್ಲಿ ತುಸು ಮೇಲಾದರು, ಅದೂ ಕಾಲುಗಂಟೆಯೊಳಗೆ ಇಳಿದುಹೋಯಿತು. ಇಷ್ಟನ್ನೇ ಹಿಡಿದು ಮೊಜಾರ್ಟ್ ಕೇಳಿಸಿದರೆ ಕೂಸು ಜಾಣನಾಗುತ್ತದೆ ಎಂದು ಕ್ಯಾಸೆಟ್ಟು, ಸಿ.ಡಿ. ಮಾರಿದರು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಹಂಚಲು ಸರ್ಕಾರದ ಹಣವನ್ನೇ ಕೇಳಿದ. ಮರುವರ್ಷ ಬೇರೆ ವಿಜ್ಞಾನಿಗಳು ಪರಿಶೀಲಿಸಿದಾಗ ಆ ಪರಿಣಾಮ ಇತ್ತೆಂದು ಹೇಳಲೂ ಕಷ್ಟವಾಯಿತು. ಅಂಗಡಿಗಳು ಮಾತ್ರ ಮುಚ್ಚಲಿಲ್ಲ. ಆದ್ದರಿಂದ ಲ.ಸಾ.ಅ. ಹೊಳೆಯಿತು ಎಂಬ ಕಾರಣಕ್ಕೆ ಮಗುವಿಗೆ ತಾಳ ಕಲಿಸಬೇಡಿ. ಸಂಗೀತವನ್ನು ಗಣಿತದ ಆಳು ಮಾಡಿದರೆ ಪರೀಕ್ಷೆ ಹತ್ತಿರ ಬಂದ ತಕ್ಷಣ ಮೊದಲು ಕೆಲಸ ಬಿಡಿಸುವುದು ಆ ಆಳನ್ನೇ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಬೇಕೆಂದು ಬರೆಯಿತು. ಫೆಬ್ರವರಿ ತಿಂಗಳಲ್ಲಿ ಯಾವುದಾದರೂ ಶಾಲೆಯ ವೇಳಾಪಟ್ಟಿ ನೋಡಿ ಬನ್ನಿ.

ಶಿಬಿರದಲ್ಲಿ ಎಲ್ಲವೂ ನನಗೆ ಒಪ್ಪಿಗೆಯಾಯಿತೆಂದಲ್ಲ. ಕೊಟ್ಟ ಹಾಡುಗಳಲ್ಲಿ ಅರ್ಧಕ್ಕರ್ಧ ಅಲ್ಲಿಯವು, ಕನ್ನಡದ ಮಾತನ್ನು ಅವುಗಳ ಮೇಲೆ ಹೊದಿಸಿದ್ದು. ನಮ್ಮ ದೀರ್ಘಗಳು ಅಲ್ಲಿ ಉಸಿರುಗಟ್ಟುತ್ತಿದ್ದವು. ಓರ್ಫ್ ಶುರುಮಾಡಿದ್ದೇ ಅವನ ನಾಡಿನ ಮಕ್ಕಳ ಬಾಯಲ್ಲಿದ್ದ ಮಾತು, ಪ್ರಾಸಗಳಿಂದ. ಹಾಗಾದರೆ ನಾವು ನಮ್ಮ ಓಣಿಯಿಂದ ಶುರುಮಾಡಬೇಕಲ್ಲವೆ? ಕೋಲಾಟ, ಕಂಸಾಳೆ, ಡೊಳ್ಳು, ಕುಂಟೆಬಿಲ್ಲೆ ಇರುವ ಊರಿನಲ್ಲಿ ಲಯಕ್ಕೆ ಬರವೆ? ಇದು ನಮ್ಮಲ್ಲಿ ತೀರ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ಪ್ರಾಥಮಿಕ ಶಾಲೆಯ ಶಿಕ್ಷಕರು ಮಕ್ಕಳ ಜೊತೆ ನೆಲದ ಮೇಲೆ ಕುಳಿತರು, ಹಾಡಿದರು. ಆದರೆ ಅಲ್ಲಿಯ ಹಾಡು ಅಕ್ಷರಕ್ಕೆ, ಸಂಖ್ಯೆಗೆ ಹತ್ತಿಸುವ ಮೆಟ್ಟಿಲು. ಮೆಟ್ಟಿಲು ಹತ್ತಿದ ಮೇಲೆ, ನಾಲ್ಕನೇ ತರಗತಿಗೆ ಬಂದ ಮೇಲೆ, ಬೆಂಚು.

ಆ ವಾದ್ಯಗಳ ಬೆಲೆ ಕೇಳಿ ನಾವು ಸುಮ್ಮನಾದೆವು. ನಮ್ಮ ಶಾಲೆಯ ವರ್ಷದ ಪ್ರಯೋಗಾಲಯದ ಹಣದಲ್ಲಿ ಅರ್ಧ ಕ್ಸೈಲೋಫೋನೂ ಬರುವುದಿಲ್ಲ.

ಹಾಗಾಗಿ ಜೂನ್‌ನಲ್ಲಿ ಏಳನೇ ತರಗತಿಯ ಮಕ್ಕಳೊಡನೆ ನಲ್ಲಿ ಸಾಮಾನಿನ ಅಂಗಡಿಗೆ ಹೋದೆ. ಒಂದು ಇಂಚಿನ ಪಿ.ವಿ.ಸಿ. ಪೈಪು, ಒಂದು ತುದಿಗೆ ಮುಚ್ಚಳ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ತರಂಗದೂರದ ಕಾಲು ಭಾಗ ಹಿಡಿಸುತ್ತದೆ. ಮೂವತ್ತು ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. ಸೆಕೆಂಡಿಗೆ 262 ಕಂಪನದ ಷಡ್ಜ ಬೇಕಾದರೆ 349ನ್ನು 262ರ ನಾಲ್ಕರಷ್ಟರಿಂದ ಭಾಗಿಸಿ: ಸುಮಾರು 33 ಸೆಂ.ಮೀ. ಅದೇ ಲೆಕ್ಕದಲ್ಲಿ ರಿ 30, ಗ 26½, ಪ 22, ಧ 20. ಒಳಗಿನ ಉದ್ದ ಅಳೆಯಬೇಕು, ತೆರೆದ ಬಾಯಿಯ ಲೆಕ್ಕಕ್ಕೆ ಪ್ರತಿಯೊಂದರಲ್ಲೂ ಮುಕ್ಕಾಲು ಸೆಂಟಿಮೀಟರಿನಷ್ಟು ಕಳೆಯಬೇಕು. ಕೊಯ್ದ ಮೇಲೆ ಮುಚ್ಚಿದ ತುದಿಯನ್ನು ನೆಲಕ್ಕೆ ಕುಟ್ಟಿದರೆ ಸ್ವರ ಬರುತ್ತದೆ. ಶ್ರುತಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಉಪ್ಪುಕಾಗದದಿಂದ ಬಾಯಿ ಉಜ್ಜಿ. ಹೆಚ್ಚು ಉಜ್ಜಿದರೆ ಸ್ವರ ಏರಿಬಿಡುತ್ತದೆ, ಮತ್ತೆ ಇಳಿಸಲಾಗದು.

ಶುಕ್ರವಾರದ ಕೊನೆಯ ಅವಧಿ, ಬೆಂಚುಗಳನ್ನು ಗೋಡೆಗೆ ಸರಿಸಿ, ನಲವತ್ತೊಂದು ಮಕ್ಕಳಿಗೆ ಹತ್ತು ಕೊಳವೆ. ಕೊಳವೆ ಸಿಗದವರು ಹೆಜ್ಜೆ ಹಾಕುತ್ತಾರೆ, ಆಮೇಲೆ ಅದಲುಬದಲು. ಯಾರೂ ನೋಡಲು ಕೂರುವುದಿಲ್ಲ, ಅದೊಂದೇ ನಿಯಮ. ನನ್ನ ಮಂಡಿಗೆ ರಿಯಾಯಿತಿ ಇದೆ, ಕುಂಟುತ್ತ ನಡೆಯಬಹುದು, ಆದರೆ ಕುರ್ಚಿಯಿಲ್ಲ. ಎಂಟನೇ ತರಗತಿಯಿಂದ ಸದ್ದಿನ ಬಗ್ಗೆ ಎರಡು ಸಲ ದೂರು ಬಂದಿದೆ, ಮೈದಾನ ಒಣಗಿದ ಮೇಲೆ ಹೊರಗೆ ಹೋಗುವುದಾಗಿ ಒಪ್ಪಿಕೊಂಡಿದ್ದೇನೆ. ಎರಡು ಪಂಚಮಗಳಲ್ಲಿ ಒಂದು ಹೋದ ವಾರದಿಂದ ಕಾಣುತ್ತಿಲ್ಲ. ಯಾರೋ ಮನೆಗೆ ಒಯ್ದಿದ್ದಾರೆ. ಸೋಮವಾರ ಇನ್ನೊಂದು ಕೊಯ್ಯಿಸಬೇಕು.